ಸಣ್ಣಗಿದ್ದರೂ ಫ್ಯಾಟಿ ಲಿವರ್ ಅಂತೆ! ದೇಹ ಕೊಬ್ಬನ್ನು ಎಲ್ಲಿ, ಹೇಗೆ ಕೂಡಿಡುತ್ತದೆ?

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ನನ್ನ ಎತ್ತರ 5 ಅಡಿ 8 ಇಂಚು, ತೂಕ 66 ಕೆಜಿ. ಕಾಲೇಜಿನಿಂದಲೂ ನನ್ನನ್ನು ಕಡ್ಡಿ ಅಂತಲೇ ಕರೆಯುತ್ತಾರೆ. ಈಗ ಆಫೀಸಿನವರು ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಅಲ್ಟ್ರಾಸೌಂಡ್ ರಿಪೋರ್ಟ್ ಬಂದಿದೆ. ಗ್ರೇಡ್ 1 ಫ್ಯಾಟಿ ಲಿವರ್! ಕುಡಿಯುವ ಅಭ್ಯಾಸ ಇಲ್ಲ. ಬೋಂಡ, ಬಜ್ಜಿ ಅಪರೂಪ. ಅನ್ನ ಮಾತ್ರ ಎರಡು ಹೊತ್ತೂ ಬೇಕು, ಮಧ್ಯೆ ಸಕ್ಕರೆ ಹಾಕಿದ ಕಾಫಿ.

ಡಾಕ್ಟರು "ಕೊಬ್ಬು ಕಡಿಮೆ ಮಾಡಿ" ಅಂದು ಮುಂದಿನವರನ್ನು ಒಳಗೆ ಕರೆದರು. ಯಾವ ಕೊಬ್ಬು ಸ್ವಾಮಿ? ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಅದು ಬಿಟ್ಟರೆ ಮೈಮೇಲೆ ಚಿವುಟಲು ಏನೂ ಸಿಗುವುದಿಲ್ಲ. ದಯವಿಟ್ಟು ಡಯಟ್ ಚಾರ್ಟ್ ಕಳಿಸಬೇಡಿ, ವಾಟ್ಸಾಪ್‌ನಲ್ಲಿ ಆಗಲೇ ರಾಶಿ ಬಿದ್ದಿವೆ. ನನಗೆ ಬೇಕಿರುವುದು ಇಷ್ಟೇ: ದೇಹ ಕೊಬ್ಬನ್ನು ಶೇಖರಿಸುವುದು ಹೇಗೆ? ಚರ್ಮದ ಕೆಳಗೆ ಇರಬೇಕಾದ್ದು ಲಿವರ್ ಒಳಗೆ ಯಾಕೆ ಹೋಯಿತು?

ಜಿಮ್ ಜಗ್ಗ:
ಅನ್ನ ಬಿಡು ಗುರು. ದಿನಾ 100 ಕ್ರಂಚಸ್ ಹೊಡಿ, ಬೆವರು ಕಿತ್ತುಕೊಂಡು ಬರಬೇಕು. ಹೊಟ್ಟೆ ಕೊಬ್ಬೆಲ್ಲಾ ಕರಗಿ ನೀರಾಗುತ್ತದೆ.

ಹಾಸನದ ಹುಡುಗ:
ಜಗ್ಗಣ್ಣ, ಚಾರ್ಟ್ ಬೇಡ ಅಂದಿದ್ದೆ 😄

ಸ್ಲೈಡ್ ಅಕ್ಕ:
ನಾನು ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕೊಬ್ಬಿನ ಕೋಶವನ್ನು ದಿನಾ ನೋಡುವವಳು, ಹಾಗಾಗಿ ಅಲ್ಲಿಂದ ಶುರು ಮಾಡುತ್ತೇನೆ.

ಮೈಕ್ರೋಸ್ಕೋಪಿನಲ್ಲಿ ಕೊಬ್ಬಿನ ತುಣುಕು ಇಟ್ಟರೆ ಮೊದಲು ಕಾಣುವುದು ಖಾಲಿ ಜಾಗ. ಒಂದಕ್ಕೊಂದು ಅಂಟಿಕೊಂಡ ಬಿಳಿ ಗುಂಡುಗಳು, ಸುತ್ತ ತೆಳ್ಳನೆಯ ಗುಲಾಬಿ ಗೆರೆ, ಅಷ್ಟೇ. ಹೊಸದಾಗಿ ಸೇರಿದ ಹುಡುಗರು "ಮೇಡಂ, ಇದರಲ್ಲಿ ಏನೂ ಇಲ್ಲವಲ್ಲ" ಅನ್ನುತ್ತಾರೆ. ಸ್ಲೈಡ್ ತಯಾರಿಸುವಾಗ ಆಲ್ಕೋಹಾಲ್, ಜೈಲೀನ್‌ನಲ್ಲಿ ಅದ್ದುತ್ತೇವೆ, ಕೊಬ್ಬು ಅದರಲ್ಲಿ ಕರಗಿ ಹೋಗಿರುತ್ತದೆ. ಉಳಿಯುವುದು ಗೋಡೆ ಮಾತ್ರ. ಕೊಬ್ಬನ್ನೇ ನೋಡಬೇಕು ಅಂದರೆ ತುಣುಕನ್ನು ಹೆಪ್ಪುಗಟ್ಟಿಸಿ ಕತ್ತರಿಸಿ, ಆಯಿಲ್ ರೆಡ್ ಓ ಎಂಬ ಬಣ್ಣ ಹಾಕಬೇಕು. ಆಗ ಒಂದೊಂದು ಕೋಶದ ತುಂಬಾ ಕೆಂಪು ಕಾಣುತ್ತದೆ.

ಗಮನಿಸಿ, ಕೋಶದ ತುಂಬಾ ಇರುವುದು ಒಂದೇ ಒಂದು ದೊಡ್ಡ ಹನಿ. ಕೋಶಕೇಂದ್ರವನ್ನು ಆ ಹನಿ ಮೂಲೆಗೆ ಒತ್ತಿ ಚಪ್ಪಟೆ ಮಾಡಿಬಿಟ್ಟಿರುತ್ತದೆ. ಬೇರೆ ಕೋಶಗಳಲ್ಲಿ ಕೊಬ್ಬು ಒಂದಿಷ್ಟು ಚುಕ್ಕಿಗಳಾಗಿ ಇದ್ದರೆ ಇದ್ದೀತು, ಈ ಕೋಶದ ಕಸುಬೇ ಅದು. ಸಾಮಾನ್ಯ ಅಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ತುಂಬಿದಾಗ ಅದಕ್ಕಿಂತ ದೊಡ್ಡದಾಗುತ್ತದೆ, ಉಪವಾಸ ಬಿದ್ದಾಗ ಕುಗ್ಗುತ್ತದೆ.

ಫ್ಯಾಟಿ ಲಿವರ್ ಸ್ಲೈಡ್‌ನಲ್ಲೂ ಇದೇ ಬಿಳಿ ಗುಂಡುಗಳು ಕಾಣುತ್ತವೆ. ಆದರೆ ಅಲ್ಲಿ ಅವು ಇರಬಾರದು.

ತುಪ್ಪದ ಡಬ್ಬಿ:
ಅಕ್ಕಾ, ಹಾಗಾದರೆ ನಾನು ತಿಂದ ತುಪ್ಪ ಹಾಗೇ ಹೋಗಿ ಆ ಕೋಶದಲ್ಲಿ ಕೂರುತ್ತದಾ? ನಮ್ಮ ಅತ್ತೆ ಹಾಗೇ ಹೇಳುವುದು.

ರಾತ್ರಿಪಾಳಿ ಮೇಷ್ಟ್ರು:
ಹಾಗೇ ಹೋಗುವುದಿಲ್ಲ. ದಾರಿಯಲ್ಲಿ ಎರಡು ಸಲ ಒಡೆಯುತ್ತದೆ, ಎರಡು ಸಲ ಕೂಡುತ್ತದೆ. ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವನು, ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ತುಪ್ಪ, ಎಣ್ಣೆ, ಕಾಯಿತುರಿ, ಎಲ್ಲದರಲ್ಲೂ ಇರುವ ಕೊಬ್ಬು ಬಹುಪಾಲು ಟ್ರೈಗ್ಲಿಸರೈಡ್. ಅಂದರೆ ಒಂದು ಗ್ಲಿಸರಾಲ್, ಅದಕ್ಕೆ ನೇತುಬಿದ್ದ ಮೂರು ಫ್ಯಾಟಿ ಆಸಿಡ್. ಇಡೀ ಟ್ರೈಗ್ಲಿಸರೈಡ್ ಯಾವ ಕೋಶದ ಪೊರೆಯನ್ನೂ ದಾಟಲಾರದು. ಹಾಗಾಗಿ ಸಣ್ಣ ಕರುಳಿನಲ್ಲಿ ಪಿತ್ತರಸ ಅದನ್ನು ಸಣ್ಣ ಸಣ್ಣ ಹನಿ ಮಾಡುತ್ತದೆ, ಪ್ಯಾಂಕ್ರಿಯಾಸ್‌ನಿಂದ ಬಂದ ಲೈಪೇಸ್ ಕಿಣ್ವ ಕತ್ತರಿಸುತ್ತದೆ. ತುಂಡುಗಳು ಕರುಳಿನ ಗೋಡೆಯ ಕೋಶದೊಳಗೆ ಹೋದ ಕೂಡಲೇ ಮತ್ತೆ ಟ್ರೈಗ್ಲಿಸರೈಡ್ ಆಗುತ್ತವೆ. ಅವುಗಳ ಮೇಲೆ ಪ್ರೋಟೀನಿನ ಹೊದಿಕೆ ಬೀಳುತ್ತದೆ. ಈ ಪೊಟ್ಟಣಕ್ಕೆ ಕೈಲೋಮೈಕ್ರಾನ್ ಅಂತ ಹೆಸರು.

ಇಲ್ಲಿ ಒಂದು ಚಂದದ ವಿಷಯ ಇದೆ. ಸಕ್ಕರೆ, ಪ್ರೋಟೀನು ಕರುಳಿನಿಂದ ನೇರ ಲಿವರ್‌ಗೆ ಹೋಗುತ್ತವೆ. ಕೈಲೋಮೈಕ್ರಾನ್ ಆ ದಾರಿ ಹಿಡಿಯುವುದಿಲ್ಲ. ದುಗ್ಧನಾಳದಲ್ಲಿ (ರಕ್ತನಾಳವಲ್ಲದ ಬೇರೆ ಕೊಳವೆ, ಲಿಂಫ್ ನಾಳ) ಮೇಲೆ ಏರಿ, ಎದೆ ದಾಟಿ, ಎಡಗಡೆ ಕುತ್ತಿಗೆಯ ಬುಡದ ರಕ್ತನಾಳದಲ್ಲಿ ರಕ್ತಕ್ಕೆ ಸೇರುತ್ತದೆ. ಲಿವರ್‌ಗೆ ಮುಟ್ಟುವ ಮೊದಲೇ ಕೊಬ್ಬಿನ ಕೋಶ, ಸ್ನಾಯು, ಹೃದಯ ತಮ್ಮ ಪಾಲು ತೆಗೆದುಕೊಳ್ಳುತ್ತವೆ.

ಕೊಬ್ಬಿನ ಕೋಶದ ಪಕ್ಕದ ಸಣ್ಣ ರಕ್ತನಾಳದ ಗೋಡೆಯಲ್ಲಿ ಲೈಪೋಪ್ರೋಟೀನ್ ಲೈಪೇಸ್ ಎಂಬ ಇನ್ನೊಂದು ಕಿಣ್ವ ಕಾದಿರುತ್ತದೆ. ಅದು ಪೊಟ್ಟಣವನ್ನು ಮತ್ತೆ ಒಡೆಯುತ್ತದೆ. ಫ್ಯಾಟಿ ಆಸಿಡ್ ಕೋಶದೊಳಗೆ ನುಗ್ಗುತ್ತದೆ. ಒಳಗೆ ಮತ್ತೆ ಟ್ರೈಗ್ಲಿಸರೈಡ್ ಆಗಬೇಕು, ಅದಕ್ಕೆ ಗ್ಲಿಸರಾಲ್ ಬೇಕಲ್ಲ? ಹೊರಗಿನ ಗ್ಲಿಸರಾಲ್ ಈ ಕೋಶಕ್ಕೆ ಹೆಚ್ಚು ಕಡಿಮೆ ಉಪಯೋಗಕ್ಕೆ ಬರುವುದಿಲ್ಲ, ಅದನ್ನು ಬಳಸುವ ಕಿಣ್ವ ಇಲ್ಲಿ ತೀರಾ ಕಡಿಮೆ. ಆದ್ದರಿಂದ ಊಟದ ಮೇಲೆ ಗ್ಲೂಕೋಸನ್ನೇ ಒಳಗೆಳೆದುಕೊಂಡು ಅದರಿಂದ ತಯಾರಿಸಿಕೊಳ್ಳುತ್ತದೆ. ಆ ಗ್ಲೂಕೋಸಿಗೆ ಬಾಗಿಲು ತೆರೆಯುವುದೂ ಇನ್ಸುಲಿನ್, ಆ ಲೈಪೇಸನ್ನು ಚುರುಕು ಮಾಡುವುದೂ ಇನ್ಸುಲಿನ್, ಕೂಡಿಟ್ಟ ಕೊಬ್ಬು ಹೊರಗೆ ಹೋಗದಂತೆ ತಡೆಯುವುದೂ ಅದೇ.

ಅಂದರೆ ಅನ್ನಕ್ಕೆ ತುಪ್ಪ ಕಲಸಿಕೊಂಡು ತಿಂದಾಗ ಅನ್ನ ಇನ್ಸುಲಿನ್ ಏರಿಸುತ್ತದೆ, ತುಪ್ಪ ಸಲೀಸಾಗಿ ಒಳಗೆ ಹೋಗುತ್ತದೆ. ಅತ್ತೆಯ ಮಾತು ಅರ್ಧಕ್ಕಿಂತ ಜಾಸ್ತಿ ಸರಿ!

ಸ್ಲೈಡ್ ಅಕ್ಕ:
ಮೇಷ್ಟ್ರು ಹೇಳಿದ ಪೊಟ್ಟಣಗಳನ್ನು ಬರಿಗಣ್ಣಲ್ಲೇ ನೋಡಬಹುದು. ಮದುವೆ ಊಟ ಮುಗಿಸಿ ನೇರ ರಕ್ತ ಪರೀಕ್ಷೆಗೆ ಬಂದವರ ಸ್ಯಾಂಪಲನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಮೇಲೆ ಉಳಿಯುವ ನೀರಿನಂಥ ಭಾಗ, ಅಂದರೆ ಸೀರಂ, ತಿಳಿಹಳದಿ ಇರುವುದಿಲ್ಲ, ಬೆಳ್ಳಗೆ ಮಬ್ಬಾಗಿರುತ್ತದೆ. ಟ್ರೈಗ್ಲಿಸರೈಡ್ ಪರೀಕ್ಷೆಗೆ ಬಹಳ ಲ್ಯಾಬುಗಳು ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದು ಇದಕ್ಕೇ.

ಮಂಡ್ಯದ ಮುದ್ದೆ:
ಪ್ರಶ್ನೆ ಕೇಳಿದವರು ಬೋಂಡ, ಬಜ್ಜಿ ಅಪರೂಪ ಅಂತ ಹೇಳಿದ್ದಾರೆ. ಅವರ ಅನ್ನ ಕೊಬ್ಬಾಗುವುದು ಹೇಗೆ? ಅದು ಹೇಳಿ ಮೊದಲು.

ರಾತ್ರಿಪಾಳಿ ಮೇಷ್ಟ್ರು:
ಹೇಳುತ್ತೇನೆ. ಅನ್ನದ ಗ್ಲೂಕೋಸ್ ಮೊದಲು ಖರ್ಚಾಗುತ್ತದೆ. ಉಳಿದದ್ದು ಗ್ಲೈಕೋಜನ್ (ಗ್ಲೂಕೋಸ್‌ಗಳ ಉದ್ದ ಸರಪಳಿ) ಆಗಿ ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುವಿನಲ್ಲಿ ಸುಮಾರು 400 ಗ್ರಾಂ ಕೂರುತ್ತದೆ. ಒಟ್ಟು 2000 ಕ್ಯಾಲೊರಿ ಅಷ್ಟೇ, ಒಂದು ದಿನಕ್ಕೆ ಸಾಲದು. ಆ ಜಾಗವೂ ತುಂಬಿದರೆ ಲಿವರ್ ಗ್ಲೂಕೋಸನ್ನು ಫ್ಯಾಟಿ ಆಸಿಡ್ ಮಾಡಬಲ್ಲದು. ಆದರೆ ಇದು ದುಬಾರಿ ಕೆಲಸ. ತಿಂದ ಕೊಬ್ಬನ್ನು ಮೈ ಕೊಬ್ಬು ಮಾಡಲು ಶೇಕಡಾ 3ರಷ್ಟು ಶಕ್ತಿ ಸಾಕು. ಪಿಷ್ಟವನ್ನು ಕೊಬ್ಬು ಮಾಡಲು ಕಾಲು ಭಾಗದ ಹತ್ತಿರ ನಷ್ಟ. ಹಾಗಾಗಿ ಸಾಮಾನ್ಯ ಊಟದಲ್ಲಿ ದೇಹ ಅದನ್ನು ಜಾಸ್ತಿ ಮಾಡುವುದಿಲ್ಲ.

ಅದರ ಬದಲು ಏನಾಗುತ್ತದೆ ಅಂದರೆ, ಅನ್ನ ಜಾಸ್ತಿ ಇದ್ದಾಗ ದೇಹ ಅನ್ನವನ್ನೇ ಉರಿಸುತ್ತದೆ. ಅದೇ ಊಟದ ಒಗ್ಗರಣೆ ಎಣ್ಣೆ, ಹಾಲಿನ ಕೆನೆ, ಚಟ್ನಿಯ ಕಾಯಿ ಖರ್ಚಾಗದೆ ಉಳಿದು ಉಗ್ರಾಣ ಸೇರುತ್ತವೆ. ಎಣ್ಣೆ ತಿನ್ನುವುದಿಲ್ಲ ಅನ್ನುವವರ ಮನೆಯಲ್ಲೂ ಒಗ್ಗರಣೆ ಇಲ್ಲದ ದಿನ ಇಲ್ಲ, ಅಲ್ವಾ?

ಸಕ್ಕರೆ ಕತೆ ಸ್ವಲ್ಪ ಬೇರೆ. ಅದರ ಅರ್ಧ ಫ್ರಕ್ಟೋಸ್. ಅದರ ಬಹುಭಾಗವನ್ನು ಕರುಳು ಮತ್ತು ಲಿವರ್ ನೋಡಿಕೊಳ್ಳುತ್ತವೆ, ಜಾಸ್ತಿಯಾದರೆ ಲಿವರ್ ಅದನ್ನು ಕೊಬ್ಬಿಗೆ ತಿರುಗಿಸುವುದು ಸುಲಭ. ನಿಮ್ಮ ಕಾಫಿಗಳ ಲೆಕ್ಕ ನೀವೇ ಹಾಕಿ.

ಜಿಮ್ ಜಗ್ಗ:
ಅದಕ್ಕೇ ಹೇಳಿದ್ದು ಅನ್ನ ಬಿಡು ಅಂತ. ನಮ್ಮ ಜಿಮ್‌ನಲ್ಲಿ ಅನ್ನ ಬಿಟ್ಟವರಿಗೆ ಮೊದಲ ವಾರವೇ 2 ಕೆಜಿ ಇಳಿಯುತ್ತದೆ. ಕಣ್ಣಾರೆ ನೋಡಿದ್ದೇನೆ.

ರಾತ್ರಿಪಾಳಿ ಮೇಷ್ಟ್ರು:
ಇಳಿಯುವುದು ನಿಜ, ಕೊಬ್ಬು ಅಲ್ಲ. ಒಂದು ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅನ್ನ ಬಿಟ್ಟರೆ ಗ್ಲೈಕೋಜನ್ ಖಾಲಿ, ಜೊತೆಗೆ ನೀರೂ ಖಾಲಿ. ಹಬ್ಬದ ದಿನ ಹೋಳಿಗೆ ತಿಂದರೆ ಮತ್ತೆ ವಾಪಸ್. ಒಂದು ಕೆಜಿ ಮೈ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ, ವಾರದಲ್ಲಿ 2 ಕೆಜಿ ಕೊಬ್ಬನ್ನೇ ಇಳಿಸಲು ಎಷ್ಟು ಕೊರತೆ ಬೇಕು ಅಂತ ಗುಣಿಸಿ ನೋಡಿ.

ಈ ನೀರಿನ ಭಾರದಿಂದಲೇ ದೇಹ ಗ್ಲೈಕೋಜನ್ ನಂಬಿಕೊಂಡಿಲ್ಲ. ಕೊಬ್ಬು ಒಣ ಸರಕು. ಗ್ರಾಂಗೆ 9 ಕ್ಯಾಲೊರಿ, ನೀರಿನ ಗೊಡವೆ ಇಲ್ಲ. ನಮ್ಮ ಮೈ ಕೊಬ್ಬಿನ ಶಕ್ತಿಯನ್ನೆಲ್ಲ ಗ್ಲೈಕೋಜನ್ ಆಗಿ ಇಟ್ಟುಕೊಂಡಿದ್ದರೆ ಸಾಮಾನ್ಯ ಗಂಡಸಿನ ತೂಕ ಈಗಿನದಕ್ಕಿಂತ 50 ಕೆಜಿಗೂ ಜಾಸ್ತಿ ಇರುತ್ತಿತ್ತು.

ಇನ್ನು ಬೆವರಿಗೂ ಕೊಬ್ಬಿಗೂ ಸಂಬಂಧ ಇಲ್ಲ. ಬೆವರು ಮೈ ತಣ್ಣಗಾಗಲು. ಉಪವಾಸ ಅಥವಾ ವ್ಯಾಯಾಮದಲ್ಲಿ ಇನ್ಸುಲಿನ್ ಇಳಿದು ಅಡ್ರಿನಲಿನ್ ಏರಿದಾಗ ಹನಿಯ ಹೊರಪದರದ ಪೆರಿಲಿಪಿನ್ ಪ್ರೋಟೀನು ದಾರಿ ಬಿಡುತ್ತದೆ. ಕಿಣ್ವಗಳು ಮೂರು ಫ್ಯಾಟಿ ಆಸಿಡನ್ನೂ ಒಂದೊಂದಾಗಿ ಕಿತ್ತು ರಕ್ತಕ್ಕೆ ಬಿಡುತ್ತವೆ. ಅವು ಸ್ನಾಯುವಿನಲ್ಲಿ ಆಮ್ಲಜನಕದ ಜೊತೆ ಉರಿಯುತ್ತವೆ. ಉಳಿಯುವುದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರು. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಲೆಕ್ಕ ಹಾಕಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: 10 ಕೆಜಿ ಕೊಬ್ಬು ಪೂರ್ತಿ ಉರಿದರೆ 8.4 ಕೆಜಿ ಉಸಿರಿನಲ್ಲಿ ಹೋಗುತ್ತದೆ, 1.6 ಕೆಜಿ ಮಾತ್ರ ನೀರು. ಡಾಕ್ಟರುಗಳನ್ನೇ ಕೇಳಿದಾಗಲೂ ಹೆಚ್ಚಿನವರು ಅದು ಶಾಖವಾಗಿ ಹೋಗುತ್ತದೆ ಅಂದಿದ್ದರಂತೆ.

ಕ್ರಂಚಸ್ ಹೊಡೆದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ. ಕೊಬ್ಬು ಎಲ್ಲಿಂದ ಬರಬೇಕು ಅನ್ನುವುದನ್ನು ಕ್ರಂಚಸ್ ತೀರ್ಮಾನಿಸುವುದಿಲ್ಲ.

ಜಿಮ್ ಜಗ್ಗ:
ನಮ್ಮ ಜಿಮ್‌ಗೆ ಒಂದು ಸಲ ಬನ್ನಿ ಮೇಷ್ಟ್ರೇ, ಪ್ಲ್ಯಾಂಕ್ ಮಾಡಿಸುತ್ತೇನೆ. ಆಮೇಲೆ ಮಾತಾಡೋಣ.

ನ್ಯೂಜೆರ್ಸಿ ಕನ್ನಡತಿ:
ತೂಕ ಇಳಿಸಿದಾಗ ಕೋಶಗಳು ಸಾಯುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಅದರ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ.

ಮನುಷ್ಯನ ಕೊಬ್ಬಿನ ಕೋಶಕ್ಕೆ ಎಷ್ಟು ವಯಸ್ಸು ಅಂತ ತಿಳಿಯುವುದು ಹೇಗೆ? ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು ಇದಕ್ಕೆ ಅಣುಬಾಂಬಿನ ಸಹಾಯ ಪಡೆದರು. 1950ರ ದಶಕದ ನಡುವಿನಿಂದ 1963ರವರೆಗೆ ಬಯಲಲ್ಲಿ ನಡೆದ ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ವಿಪರೀತ ಏರಿತು. ಪರೀಕ್ಷೆ ನಿಂತ ಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಗಿಡ ಅದನ್ನು ಹೀರಿತು, ಗಿಡವನ್ನು ನಾವು ತಿಂದೆವು. ಕೋಶ ಹುಟ್ಟಿದ ವರ್ಷ ಗಾಳಿಯಲ್ಲಿ ಎಷ್ಟಿತ್ತೋ ಅಷ್ಟು ಅದರ ಡಿಎನ್‌ಎಯಲ್ಲಿ ಉಳಿದುಬಿಡುತ್ತದೆ. ಅದನ್ನು ಅಳೆದರೆ ಹುಟ್ಟಿದ ವರ್ಷ ಸಿಗುತ್ತದೆ!

2008ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹದಿಹರೆಯದಲ್ಲಿ ನಿಗದಿಯಾಗುತ್ತದೆ, ದೊಡ್ಡವರಾದ ಮೇಲೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ವರ್ಷಕ್ಕೆ ಶೇಕಡಾ 10ರಷ್ಟು ಸಾಯುತ್ತವೆ, ಅಷ್ಟೇ ಹೊಸದು ಹುಟ್ಟುತ್ತವೆ. ಬೊಜ್ಜಿಗಾಗಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ತುಂಬಾ ತೂಕ ಇಳಿಸಿದವರಲ್ಲೂ ಎರಡು ವರ್ಷದ ನಂತರ ಸಂಖ್ಯೆ ಹಾಗೇ ಇತ್ತು, ಕೋಶಗಳು ಚಿಕ್ಕದಾಗಿದ್ದವು. ಇಳಿಸಿದ ತೂಕ ವಾಪಸ್ ಬರುವುದಕ್ಕೆ ಸೋಮಾರಿತನ ಒಂದೇ ಕಾರಣ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ತುಪ್ಪದ ಡಬ್ಬಿ:
ಬಾಂಬ್ ಹಾಕಿದ್ದು ಅವರು, ಲೆಕ್ಕ ಸಿಕ್ಕಿದ್ದು ನಮ್ಮ ಸೊಂಟದಲ್ಲಿ 😂

ಹಾಸನದ ಹುಡುಗ:
ಎಲ್ಲಾ ಸೂಪರ್. ಆದರೆ ನನ್ನ ಲಿವರ್ ಎಲ್ಲಿ ಹೋಯಿತು? ಚಿವುಟಲು ಸಿಗದವನಿಗೆ ಒಳಗೆ ಯಾಕೆ ಕೊಬ್ಬು?

ರಾತ್ರಿಪಾಳಿ ಮೇಷ್ಟ್ರು:
ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಚಿವುಟಲು ಸಿಗದವರಿಗೇ ಕೆಲವೊಮ್ಮೆ ಈ ತೊಂದರೆ ಜಾಸ್ತಿ.

ಹುಟ್ಟಿನಿಂದಲೇ ಕೊಬ್ಬಿನ ಕೋಶ ಇಲ್ಲದವರು ಇದ್ದಾರೆ. ಲೈಪೋಡಿಸ್ಟ್ರೋಫಿ ಅಂತ ಅಪರೂಪದ ಕಾಯಿಲೆ. ನೋಡಿದರೆ ಸ್ನಾಯು ಎದ್ದು ಕಾಣುವ ಕಟ್ಟುಮಸ್ತಾದ ಮೈ. ಒಳಗೆ ಲಿವರ್ ತುಂಬಾ ಕೊಬ್ಬು, ರಕ್ತದಲ್ಲಿ ವಿಪರೀತ ಟ್ರೈಗ್ಲಿಸರೈಡ್, ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ. ಕೊಬ್ಬೇ ಇಲ್ಲದಂತೆ ಮಾಡಿದ ಇಲಿಗಳಲ್ಲೂ ಹೀಗೇ ಆಗುತ್ತದೆ. ಅಂಥ ಇಲಿಗೆ ಬೇರೆ ಇಲಿಯ ಕೊಬ್ಬನ್ನು ಕಸಿ ಮಾಡಿದಾಗ ಸಕ್ಕರೆ ಕಾಯಿಲೆ ಹಿಂದೆ ಸರಿಯಿತು. ಕೊಬ್ಬು ಸೇರಿಸಿದ್ದಕ್ಕೆ ಗುಣವಾಯಿತು, ತೆಗೆದದ್ದಕ್ಕಲ್ಲ!

ಕಣಜ ಚಿಕ್ಕದಿದ್ದರೆ ಭತ್ತ ಜಗಲಿಗೆ, ನಡುಮನೆಗೆ, ಕೊನೆಗೆ ದೇವರ ಕೋಣೆಗೂ ಬರುತ್ತದೆ. ಚರ್ಮದ ಕೆಳಗಿನ ಕೋಶಗಳಲ್ಲಿ ಜಾಗ ಮುಗಿದಾಗ ಕೊಬ್ಬು ಹೊಟ್ಟೆಯೊಳಗೆ ಕರುಳಿನ ಸುತ್ತ ಕೂರುತ್ತದೆ, ಆಮೇಲೆ ಲಿವರ್, ಸ್ನಾಯು, ಪ್ಯಾಂಕ್ರಿಯಾಸ್ ಒಳಗೆ ಹೋಗುತ್ತದೆ. ಅವು ಕೊಬ್ಬು ಇಡಲು ಹುಟ್ಟಿದ ಜಾಗಗಳಲ್ಲ. ಲಿವರ್ ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ, ಪ್ಯಾಂಕ್ರಿಯಾಸ್ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ, ಲಿವರ್ ಇನ್ನಷ್ಟು ಕೊಬ್ಬು ಮಾಡುತ್ತದೆ. ಸುತ್ತು ಶುರು.

ಲಿವರ್ ಕೊಬ್ಬು ಎಲ್ಲಿಂದ ಬಂತು ಅಂತ 2005ರಲ್ಲಿ ಅಮೆರಿಕದಲ್ಲಿ ಗುರುತು ಹಚ್ಚಿ ನೋಡಿದ್ದಾರೆ. ಶೇಕಡಾ 59ರಷ್ಟು ಮೈ ಕೊಬ್ಬಿನ ಕೋಶಗಳಿಂದ ಸೋರಿ ಬಂದದ್ದು, 26ರಷ್ಟು ಲಿವರ್ ತಾನೇ ತಯಾರಿಸಿದ್ದು, 15ರಷ್ಟು ಮಾತ್ರ ನೇರ ಊಟದ್ದು. ಅವರೆಲ್ಲ ದಪ್ಪ ಇದ್ದ ರೋಗಿಗಳು, ನಿಮಗೆ ಇದೇ ಅಂಕಿ ಅನ್ವಯಿಸಬೇಕು ಅಂತಿಲ್ಲ. ಆದರೂ "ನಾನು ಎಣ್ಣೆ ತಿನ್ನಲ್ಲ" ಅನ್ನುವುದು ಲಿವರ್‌ಗೆ ದೊಡ್ಡ ರಕ್ಷಣೆ ಅಲ್ಲ ಅಂತ ಗೊತ್ತಾಗುತ್ತದೆ.

ಲಕ್ಷ್ಮೀಪುರಂ:
ಇದರಲ್ಲಿ ನಮ್ಮ ಮೈಸೂರಿನ ಪಾತ್ರ ದೊಡ್ಡದು, ಯಾರೂ ಹೇಳಲಿಲ್ಲ.

ಮೊದಲು ಪುಣೆ. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ತಮ್ಮದೇ ಫೋಟೊ ಹಾಕಿಕೊಂಡರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3. ಸ್ಕ್ಯಾನ್ ಮಾಡಿದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ 21.2. ಹಾಸನದವರ ಬಿಎಂಐ ನಾನು ಲೆಕ್ಕ ಹಾಕಿದೆ, 22ರ ಆಸುಪಾಸು ಬರುತ್ತದೆ.

ಇದು ಹುಟ್ಟಿನಿಂದಲೇ ಬರುತ್ತದೆ ಅಂತ ಯಾಜ್ಞಿಕ್ ತಂಡ ತೋರಿಸಿತು. ಪುಣೆ ಸುತ್ತಲ ಹಳ್ಳಿಗಳ ಮಕ್ಕಳು ಹುಟ್ಟಿದಾಗ ಸರಾಸರಿ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳು 3.5 ಕೆಜಿ. ನಮ್ಮ ಮಕ್ಕಳಲ್ಲಿ ಸ್ನಾಯು, ಹೊಟ್ಟೆಯ ಅಂಗಗಳು ಎಲ್ಲವೂ ಚಿಕ್ಕವು, ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟೊಂದು ಕಡಿಮೆ ಇರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆಯಲ್ಲ, ನಾವು ಮಿಷನ್ ಆಸ್ಪತ್ರೆ ಅನ್ನುವುದು, ಅಲ್ಲಿ 1997-98ರಲ್ಲಿ ಶುರುವಾದ, ತಾಯಿ-ಮಕ್ಕಳ ಆರೋಗ್ಯದ ಪಾರ್ಥೆನಾನ್ ಅಧ್ಯಯನದಲ್ಲೂ ಮಕ್ಕಳು ಹೀಗೇ ಇದ್ದರು. ಅದೇ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆ ಜೋಪಾನವಾಗಿತ್ತು, ಅದನ್ನು ಹಿಡಿದು ಆಗ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಹೃದಯ, ಸಕ್ಕರೆ ಪರೀಕ್ಷೆ ಮಾಡಿದ್ದಾರೆ. ಬಾಣಂತಿ ವಾರ್ಡಿನಲ್ಲಿ ತೂಕ ಬರೆದಿಟ್ಟ ಆ ನರ್ಸುಗಳಿಗೆ ಒಂದು ನಮಸ್ಕಾರ.

ತುಪ್ಪದ ಡಬ್ಬಿ:
ಹಾಗಾದರೆ ತೊಡೆ ದಪ್ಪ ಇದ್ದರೆ ಒಳ್ಳೆಯದಾ? ಒಂದು ಸಲ ಹೌದು ಅಂದುಬಿಡಿ ಮೇಷ್ಟ್ರೇ.

ರಾತ್ರಿಪಾಳಿ ಮೇಷ್ಟ್ರು:
ಒಂದೇ ತೂಕದ ಇಬ್ಬರಲ್ಲಿ ಕೊಬ್ಬು ತೊಡೆ, ಸೊಂಟದ ಕೆಳಗೆ ಇರುವವರಿಗೆ ಅಪಾಯ ಕಡಿಮೆ. ಹೊಟ್ಟೆಯೊಳಗಿನ ಕೊಬ್ಬು ಬಿಟ್ಟ ಫ್ಯಾಟಿ ಆಸಿಡ್ ಬಹುಪಾಲು ನೇರ ಲಿವರ್‌ನ ರಕ್ತನಾಳಕ್ಕೆ ಇಳಿಯುತ್ತದೆ. ತೊಡೆಯದ್ದು ನಿಧಾನ, ಸುಲಭಕ್ಕೆ ಬಿಡುವುದಿಲ್ಲ. ಹೆಂಗಸರಲ್ಲಿ ಈಸ್ಟ್ರೋಜನ್ ಇರುವಷ್ಟು ಕಾಲ ಕೊಬ್ಬು ಅಲ್ಲಿಗೆ ಹೋಗುತ್ತದೆ, ಮುಟ್ಟು ನಿಂತ ಮೇಲೆ ಹೊಟ್ಟೆಯ ಕಡೆ ತಿರುಗುತ್ತದೆ.

ಕೋಶ ಬರೀ ಉಗ್ರಾಣವೂ ಅಲ್ಲ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್‌ನಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಕಂಡುಹಿಡಿಯಿತು. ಕೊಬ್ಬಿನ ಕೋಶವೇ ಅದನ್ನು ರಕ್ತಕ್ಕೆ ಬಿಟ್ಟು "ಇಲ್ಲಿ ದಾಸ್ತಾನು ಇಷ್ಟಿದೆ" ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ತೂಕ ಇಳಿಸಿದಾಗ ಆ ಸುದ್ದಿ ಕಡಿಮೆಯಾಗುತ್ತದೆ, ಹಸಿವು ಜಾಸ್ತಿಯಾಗುತ್ತದೆ. ಲೈಪೋಡಿಸ್ಟ್ರೋಫಿ ಇರುವವರಿಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟರೆ ಅನೇಕರಲ್ಲಿ ಲಿವರ್ ಕೊಬ್ಬು ಇಳಿಯುತ್ತದೆ.

ಮಂಡ್ಯದ ಮುದ್ದೆ:
ಮಕ್ಕಳಲ್ಲಿ ಕಂದು ಕೊಬ್ಬು ಅಂತ ಬೇರೆ ಇರುತ್ತದೆ ಅಂತಾರಲ್ಲ?

ಸ್ಲೈಡ್ ಅಕ್ಕ:
ಇರುತ್ತದೆ. ಅದರಲ್ಲಿ ಒಂದು ದೊಡ್ಡ ಹನಿ ಇರುವುದಿಲ್ಲ, ಬಹಳಷ್ಟು ಸಣ್ಣ ಹನಿಗಳು, ನಡುವೆ ಒತ್ತಾಗಿ ಮೈಟೋಕಾಂಡ್ರಿಯ, ಅಂದರೆ ಕೋಶದೊಳಗೆ ಇಂಧನ ಉರಿಸುವ ಒಲೆಗಳು. ಆ ಬಣ್ಣ ಅದರಿಂದಲೇ. ಅದು ಕೊಬ್ಬು ಉರಿಸಿ ನೇರ ಶಾಖ ಮಾಡುತ್ತದೆ, ಎಳೆ ಮಗು ನಡುಗದೆ ಬೆಚ್ಚಗಿರುವುದಕ್ಕೆ ಇದು ಮುಖ್ಯ. ದೊಡ್ಡವರಲ್ಲೂ ಕುತ್ತಿಗೆ, ಕಾಲರ್ ಮೂಳೆಯ ಹತ್ತಿರ ಸ್ವಲ್ಪ ಉಳಿದು ಕೆಲಸ ಮಾಡುತ್ತದೆ ಅಂತ 2009ರಲ್ಲಿ ಪೆಟ್ ಸ್ಕ್ಯಾನ್‌ಗಳಿಂದ ಖಾತ್ರಿಯಾಯಿತು. ತಣ್ಣೀರು ಸ್ನಾನ ಮಾಡಿ ಬೊಜ್ಜು ಇಳಿಸಿ ಅನ್ನುವ ವಿಡಿಯೋಗಳೆಲ್ಲ ಈ ಎಳೆ ಹಿಡಿದು ಹೊರಟವು. ನನಗಂತೂ ಅಷ್ಟು ನಂಬಿಕೆ ಇಲ್ಲ, ಇರುವುದೇ ಚೂರು.

ಹಾಸನದ ಹುಡುಗ:
ಈಗ ಅರ್ಥ ಆಯಿತು. ಕೊನೆಯ ಎರಡು ಪ್ರಶ್ನೆ. ನನ್ನ ಹೊಟ್ಟೆ ಜಾಸ್ತಿ ಇದೆಯಾ ಅಂತ ನೋಡುವುದು ಹೇಗೆ? ಲಿವರ್‌ಗೆ ಹೋದದ್ದು ವಾಪಸ್ ಬರುತ್ತದಾ?

ಲಕ್ಷ್ಮೀಪುರಂ:
ಟೇಪ್ ತಗೊಳ್ಳಿ. ಪ್ಯಾಂಟಿನ ಸೈಜ್ ನೋಡಬೇಡಿ, ನಾವೆಲ್ಲ ಅದನ್ನು ಹೊಟ್ಟೆಯ ಕೆಳಗೆ ಹಾಕುವವರು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ನಮಗೆ ಬಿಎಂಐ ಗಡಿಯೂ 25 ಅಲ್ಲ, 23ಕ್ಕೇ ಎಚ್ಚರಿಕೆ.

ಹಾಸನದ ಹುಡುಗ:
93 😐

ರಾತ್ರಿಪಾಳಿ ಮೇಷ್ಟ್ರು:
ವಾಪಸ್ ಬರುತ್ತದೆ, ಅದೂ ಬೇಗ. ತೂಕ ಇಳಿಯುವಾಗ ಲಿವರ್ ಕೊಬ್ಬು ಮೊದಲ ಸರದಿಯಲ್ಲೇ ಕರಗುತ್ತದೆ. ತೂಕದಲ್ಲಿ ಶೇಕಡಾ 3ರಿಂದ 5 ಇಳಿದರೂ ವ್ಯತ್ಯಾಸ ಕಾಣುತ್ತದೆ, ನಿಮಗೆ ಅದು 2ರಿಂದ 3 ಕೆಜಿ. ತೂಕ ಹೆಚ್ಚು ಇಳಿಯದಿದ್ದರೂ ನಿಯಮಿತ ವ್ಯಾಯಾಮದಿಂದ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. ಸ್ನಾಯು ಬೆಳೆದರೆ ಗ್ಲೂಕೋಸಿಗೆ ಜಾಗ ಹೆಚ್ಚುತ್ತದೆ. ಇಲ್ಲಿ ಜಗ್ಗಣ್ಣನ ಕಬ್ಬಿಣ ಎತ್ತುವ ಕೆಲಸಕ್ಕೆ ನನ್ನ ಪೂರ್ತಿ ಬೆಂಬಲ ಇದೆ.

ಜಿಮ್ ಜಗ್ಗ:
ಬನ್ನಿ ಬನ್ನಿ, ಸ್ಕ್ವಾಟ್‌ನಿಂದ ಶುರು ಮಾಡೋಣ. ಕಾಫಿ ಸಕ್ಕರೆ ಇಲ್ಲದ್ದು ನಾನೇ ಕೊಡಿಸುತ್ತೇನೆ.

ಸ್ಲೈಡ್ ಅಕ್ಕ:
ಒಂದು ಮಾತು. ಅಲ್ಟ್ರಾಸೌಂಡ್ ಗ್ರೇಡ್ ಅನ್ನುವುದು ಪರದೆಯ ಮೇಲೆ ಲಿವರ್ ಎಷ್ಟು ಬೆಳ್ಳಗೆ ಕಾಣುತ್ತದೆ ಅಂತ ಕಣ್ಣಳತೆಯಲ್ಲಿ ಹೇಳುವುದು. ಕೊಬ್ಬು ಕಡಿಮೆ ಇದ್ದರೆ ಅದಕ್ಕೆ ಕಾಣುವುದೇ ಇಲ್ಲ, ಲಿವರ್ ಗಟ್ಟಿಯಾಗಿದೆಯಾ ಅನ್ನುವುದನ್ನೂ ಅದು ಹೇಳುವುದಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿ ಅಂತ ಅಳೆಯುವುದು) ಬೇಕಾ, ಎಎಲ್‌ಟಿ (ಲಿವರ್‌ನ ರಕ್ತ ಪರೀಕ್ಷೆ), ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) ನೋಡಿದ್ದೀರಾ ಅಂತ ಕೇಳಿ. ಮುಂದಿನವರನ್ನು ಕರೆಯುವ ಮೊದಲೇ ಕೇಳಿ.